ಯಾರು ಬೇಕಾದರೂ ಬರಬಹುದು

ನನ್ನ ತಮ್ಮ ನನಗಿಟ್ಟ ಹೆಸರು ಎಲ್ಲಬಲ್ಲಕ್ಕ. ಮಿಕ್ಸಿ ಕೆಟ್ಟರೆ ನಾನೇ ಬಿಚ್ಚಬೇಕು, ನಲ್ಲಿ ಸೋರಿದರೆ ನಾನೇ ಬಿಗಿಯಬೇಕು. ಕೆಲಸ ಕನ್ನಡಕದ ಅಂಗಡಿಯಲ್ಲಿ, ಗಾಜು ಉಜ್ಜಿ ಫ್ರೇಮಿಗೆ ಕೂರಿಸೋದು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ನನ್ನ ಕಣ್ಣಿಗೆ ಬೀಳುತ್ತೆ ಅಂತ ಜಂಭ ಬೇರೆ. ಅಂಥವಳು ಈಗ ಅಮ್ಮನ ಮುಖ ನೋಡೋಕಾಗದೆ, ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತಾ ನಿಂತಿದ್ದೀನಿ. ಸಂಜೆ ತಮ್ಮ ಬರ್ತಾನೆ, ಅಮ್ಮನನ್ನ ತಲೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗೋಕೆ. ಹೇಳಿ ಕರೆಸಿದವಳು ನಾನೇ.

ಅಮ್ಮ ಬಚ್ಚಲಲ್ಲಿ ಕಾಲು ಜಾರಿ ಬಿದ್ದಮೇಲೆ ಅವಳ ಕೋಣೆಗೆ ಒಂದು ಕ್ಯಾಮೆರಾ ಹಾಕಿದ್ದೆ. ಅದರಲ್ಲೇ ಒಂದು ಪುಟ್ಟ ಸ್ಪೀಕರು, ಮೈಕು. ಅಂಗಡಿಯಲ್ಲಿ ಕೂತು ಫೋನಲ್ಲಿ ನೋಡ್ತಾ, "ಅಮ್ಮಾ, ಮಾತ್ರೆ ತಗೋ," "ಅಮ್ಮಾ, ಸ್ವಲ್ಪ ಓಡಾಡು," "ಸಾಕು, ಕೂತ್ಕೋ," ಅಂತ ಹೇಳ್ತಿದ್ದೆ. ಅಮ್ಮ ಒಂದಕ್ಕೂ ಎದುರಾಡ್ತಿರಲಿಲ್ಲ. ಅವಳಿಗೆ ಕಿವಿ ಮಂದ, ಸ್ಪೀಕರಿಂದ ಬರೋ ದನಿಯೋ ಡಬ್ಬದೊಳಗಿಂದ ಬಂದ ಹಾಗೆ. ಯಾರು ಮಾತಾಡಿದರೂ ಒಂದೇ ಥರ ಕೇಳಿಸುತ್ತೆ.

ಕ್ಯಾಮೆರಾ ಜೊತೆ ಕೊಟ್ಟಿದ್ದ ಆಪ್ ಬರೀ ಗಿರಗಿರ ತಿರುಗೋದು, ಚಿತ್ರ ಬರ್ತಿರಲಿಲ್ಲ. "ಗೊತ್ತಿರೋರನ್ನ ಕರೆಸಿ ಸರಿಮಾಡಿಸು ಅಕ್ಕ," ಅಂದ ತಮ್ಮ. "ನಾನೇನು ಗೊತ್ತಿಲ್ಲದೋಳಾ?" ಅಂತ ಅವನ ಬಾಯಿ ಮುಚ್ಚಿಸಿದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ನಾನು. ಮನೆಯ ರೌಟರ್ ಒಳಗೇ ಕೈ ಹಾಕಿದೆ.

ರೌಟರ್ ಅಂದರೆ ಮನೆಗೆ ಇಂಟರ್ನೆಟ್ ಬರೋ ಹೆಬ್ಬಾಗಿಲು. ಅದರಲ್ಲಿ ಪೋರ್ಟ್ ಅಂತ ನಂಬರು ಹಾಕಿದ ಸಾವಿರಾರು ಕಿಂಡಿ. ಹೊರಗಿನವರಿಗೆ ಎಲ್ಲವೂ ಮುಚ್ಚಿರುತ್ತವೆ. ಒಂದು ಕಿಂಡಿ ತೆಗೆದು, ಇಲ್ಲಿಗೆ ಬಂದವರನ್ನ ಸೀದಾ ಅಮ್ಮನ ಕೋಣೆಯ ಕ್ಯಾಮೆರಾಕ್ಕೆ ಕಳಿಸು ಅಂತ ಬರೆದಿಟ್ಟರೆ ಅದೇ ಪೋರ್ಟ್ ಫಾರ್ವರ್ಡಿಂಗ್. ಅದನ್ನೇ ಮಾಡಿದೆ. ಬಂದವರು ಯಾರು ಅಂತ ತಡೆದು ಕೇಳೋ ಕಾವಲುಗಾರ ಫೈರ್‌ವಾಲ್. ಯಾವ ವಿಳಾಸದಿಂದ ಬಂದರೆ ಬಿಡಬೇಕು ಅಂತ ಅಲ್ಲೊಂದು ಖಾನೆ ಇತ್ತು. ಅಂಗಡಿಯ ಇಂಟರ್ನೆಟ್ ವಿಳಾಸ ಹಾಕಿದೆ. ಬಂತು! ಅಮ್ಮ ಹಾಸಿಗೆ ಮೇಲೆ ಕೂತು ಬಟ್ಟೆ ಮಡಚೋದು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ಮರುದಿನ ನೋಡಿದರೆ ಇಲ್ಲ. ಅಂಗಡಿಯ ವಿಳಾಸವೇ ಆಗಾಗ ಬದಲಾಗುತ್ತಂತೆ. ಹೊಸದು ಹಾಕಿದೆ, ಅದೂ ಕೈಕೊಟ್ಟಿತು. ಪಿತ್ತ ನೆತ್ತಿಗೇರಿತು ನೋಡಿ, ಖಾನೆಯಲ್ಲಿದ್ದುದನ್ನ ಅಳಿಸಿ 'ಎನಿ' ಅಂತ ಒತ್ತಿಬಿಟ್ಟೆ. ಅಂದರೆ ಯಾರು ಬೇಕಾದರೂ ಬರಬಹುದು. ಕೆಂಪಕ್ಷರದಲ್ಲಿ ಏನೋ ಎಚ್ಚರಿಕೆ ಬಂತು. ಓದೋ ತಾಳ್ಮೆ ಯಾರಿಗಿದೆ? ಓಕೆ ಒತ್ತಿದೆ. ಕ್ಯಾಮೆರಾದ ಪಾಸ್‌ವರ್ಡ್ ಅಂತೂ ಕಂಪನಿಯವರು ಎಲ್ಲರಿಗೂ ಕೊಡೋದೇ ಇತ್ತು, ಅದನ್ನ ಬದಲಾಯಿಸಿರಲೇ ಇಲ್ಲ. ಆಮೇಲೆ ಒಂದು ದಿನವೂ ಚಿತ್ರ ನಿಲ್ಲಲಿಲ್ಲ. "ನೋಡಿದೆಯಾ?" ಅಂತ ತಮ್ಮನಿಗೆ ಫೋನ್ ಮಾಡಿ ಹಂಗಿಸಿದ್ದೂ ಆಯ್ತು.

ಸ್ವಲ್ಪ ದಿನದಲ್ಲೇ ಅಮ್ಮನ ವರಸೆ ಬದಲಾಯಿತು. "ಯಾಕೆ ನಗ್ತಿದ್ದೆ ಇವತ್ತು?" ಅಂತ ಕೇಳಿದಳು ಒಂದು ಸಂಜೆ. ಇನ್ನೊಂದು ದಿನ, "ಮಂಡಿ ನೋಯುತ್ತೆ ಕಣೇ, ಅಷ್ಟೊಂದು ಹೊತ್ತು ನಿಲ್ಲಿಸಬೇಡ," ಅಂದಳು. ನಾನು ನಿಲ್ಲಿಸಿರಲೂ ಇಲ್ಲ, ನಕ್ಕಿರಲೂ ಇಲ್ಲ. "ಏನೇನೋ ಕಲ್ಪಿಸ್ಕೋಬೇಡ ಅಮ್ಮ," ಅಂತ ರೇಗಿದೆ. ಅವಳು ಸುಮ್ಮನಾದಳು, ಮತ್ತೆ ಆ ಮಾತೇ ಎತ್ತಲಿಲ್ಲ. ನಾನು ಮಾತ್ರ ಸುಮ್ಮನಿರಲಿಲ್ಲ. ಅಮ್ಮನಿಗೆ ಅರಳುಮರಳು ಶುರುವಾಗಿದೆ, ಇಲ್ಲದ್ದು ಕೇಳಿಸುತ್ತೆ ಅಂತ ತಮ್ಮನಿಗೆ ಹೇಳಿದೆ, ಎದುರುಮನೆಯಾಕೆಗೆ ಹೇಳಿದೆ, ಅಂಗಡಿಯಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಇವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆದು, ಒಂದು ಕೈಯಲ್ಲಿ ಫೋನ್ ಹಿಡಿದೆ. ಅಮ್ಮ ಕೋಣೆಯ ನಡುವೆ ನಿಂತಿದ್ದಳು. ಒಂದು ಕೈ ಮಂಚದ ಕಂಬದ ಮೇಲೆ, ಇನ್ನೊಂದು ಕೈ ತಲೆಯ ಮೇಲೆ. ನೋವಿರೋ ಕಾಲನ್ನ ನೆಲದಿಂದ ಎತ್ತಿ ನಿಂತು ನಡುಗ್ತಿದ್ದಳು. ಕ್ಯಾಮೆರಾದ ಸ್ಪೀಕರಿಂದ ಯಾರೋ ಕಿಸಕಿಸ ನಗ್ತಿದ್ದರು, ಒಬ್ಬರಲ್ಲ, ಗುಂಪು.

"ಅಮ್ಮಾ, ಕೂತ್ಕೋ!" ಅಂತ ಕಿರುಚಿದೆ.

"ಕೂತ್ಕೋಬೇಡ," ಅಂತು ಇನ್ನೊಂದು ದನಿ. "ಇನ್ನೊಂದು ಕೈನೂ ಎತ್ತು."

ಅಮ್ಮ ಕೂರೋಕೆ ಬಗ್ಗಿದವಳು ಹಾಗೇ ನಿಂತಳು. ಕ್ಯಾಮೆರಾ ಕಡೆ ತಿರುಗಿದಳು. ಯಾವ ಮಾತು ಕೇಳಬೇಕು ಅಂತ ತಿಳೀದ ಆ ಮುಖ... ಅಯ್ಯೋ, ಶತ್ರುವಿಗೂ ಬೇಡ ಆ ನೋಟ.

ಎದುರುಮನೆಯಾಕೆಯ ಹತ್ತಿರ ನಮ್ಮ ಮನೆ ಬೀಗದ ಕೈ ಇದೆ. ಒಂದು ಫೋನ್ ಮಾಡಿದ್ದರೆ ಅನ್ನ ಕಲಸಿದ ಕೈಯಲ್ಲೇ ಓಡಿಹೋಗಿ ಪ್ಲಗ್ ಕಿತ್ತು ಬಿಸಾಕ್ತಿದ್ದಳು. ಅವಳ ನಂಬರ್ ತೆಗೆದೆ, ಬೆರಳೂ ಇಟ್ಟೆ. ಆದರೆ ಒತ್ತಲಿಲ್ಲ. ಅವಳಿಗೆ ಗೊತ್ತಾದರೆ ಬೀದಿಗೆಲ್ಲ ಗೊತ್ತಾಗುತ್ತೆ, ಎಲ್ಲಬಲ್ಲಕ್ಕನ ಬಂಡವಾಳ ಬಯಲಾಗುತ್ತೆ ಅನ್ನೋ ಯೋಚನೆ ಬಂತು. ಅಂಥ ಹೊತ್ತಲ್ಲೂ ಬಂತಲ್ಲ, ನನ್ನ ಜನ್ಮಕ್ಕಿಷ್ಟು! ಸ್ಕೂಟರ್ ಹತ್ತಿದೆ. ಸಿಗ್ನಲ್‌ನಲ್ಲಿ ಸಿಕ್ಕಿಕೊಂಡು ನಿಂತಿದ್ದಾಗ ಅಲ್ಲಿ ಮನೆಯಲ್ಲಿ ಅಮ್ಮನೂ ನಿಂತೇ ಇದ್ದಳು.

ಮನೆ ಸೇರಿದವಳೇ ಕ್ಯಾಮೆರಾದ ವೈರನ್ನ ಗೋಡೆಯ ಗಾರೆ ಉದುರೋ ಹಾಗೆ ಕಿತ್ತೆ. ನಗು ನಿಂತಿತು. ಅಮ್ಮನನ್ನ ಹಿಡಿದು ಮಂಚದ ಮೇಲೆ ಕೂರಿಸಿದೆ. ಮೈ ಬೆವರಿ ಒದ್ದೆಯಾಗಿತ್ತು.

"ಅದು ನಾನಲ್ಲಮ್ಮ," ಅಂದೆ. "ಯಾರೋ ಪೋಲಿಗಳು. ಇಂಟರ್ನೆಟ್ಟಲ್ಲಿ ತೆರೆದ ಬಾಗಿಲು ಹುಡುಕ್ತಾ ಅಲೆಯೋರು. ನೀನ್ಯಾಕೆ ಅವರು ಹೇಳಿದ್ದೆಲ್ಲ ಮಾಡಿದೆ?"

ಅಮ್ಮ ಮಂಡಿ ನೀವಿಕೊಳ್ತಾ ಕೂತಿದ್ದಳು. "ನೀನೇ ಅಂದ್ಕೊಂಡೆ. ಮೊದಲು ನಿನಗೆ ನನ್ನ ಮೇಲೆ ಸಿಟ್ಟಿರಬೇಕು ಅನ್ನಿಸ್ತು. ಆಮೇಲೆ ಸುಮಾರು ಜನ ನಗೋದು ಕೇಳಿಸ್ತು. ಅಂಗಡಿಯವರಿಗೆಲ್ಲ ನನ್ನ ತೋರಿಸ್ತಿದ್ದೀಯ ಅಂದ್ಕೊಂಡೆ. ನಾನು ಒಲ್ಲೆ ಅಂದರೆ ನಾಲ್ಕು ಜನರ ಮುಂದೆ ನಿನ್ನ ಮರ್ಯಾದೆ ಏನಾಗಬೇಕು?"

ನೆಲ ಬಿರಿದು ನನ್ನ ನುಂಗಬಾರದಿತ್ತಾ ಅನ್ನಿಸಿತು. ರೌಟರ್ ತೆರೆದು ನಾನು ಬರೆದಿಟ್ಟಿದ್ದ ಆ ರೂಲ್ ಅಳಿಸಿದೆ, ಕಿಂಡಿ ಮುಚ್ಚಿದೆ. ಮುಚ್ಚೋಕೆ ಎಷ್ಟು ಸುಲಭ ಅಂತೀರಿ, ಒಂದು ಸಲ ಒತ್ತಿದರಾಯ್ತು. ಆಮೇಲೆ ಬಂದು ಈ ಪಾತ್ರೆ ಹಿಡಿದೆ.

ತಮ್ಮ ಬಂದ. ಎದುರುಮನೆಯಾಕೆಯೂ ಜೊತೆಗೇ ಬಂದಳು, ಪಾಪ, ಅಮ್ಮನ ತಲೆ ಕೆಟ್ಟಿದೆ ಅಂತ ಕೇಳಿದ್ದಳಲ್ಲ. ನಾನು ಬಾಯಿ ಬಿಡೋದಕ್ಕೆ ಮುಂಚೆ ಅಮ್ಮ ಸೀರೆ ಬದಲಾಯಿಸಿ, ಚಪ್ಪಲಿ ಮೆಟ್ಟಿ ಹಾಲ್‌ಗೆ ಬಂದಿದ್ದಳು.

"ಹೋಗೋಣ ಬಾಪ್ಪ," ಅಂದಳು ತಮ್ಮನಿಗೆ. "ಅಕ್ಕ ಹೇಳಿದ್ದು ಸರಿ. ನನಗೆ ಇಲ್ಲದ್ದೆಲ್ಲ ಕೇಳಿಸುತ್ತೆ."

ಹೇಳಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಮಾನ ಉಳಿಸೋಕೆ ಹುಚ್ಚಿ ಅನ್ನಿಸಿಕೊಳ್ಳೋಕೂ ಹೊರಟು ನಿಂತಿದ್ದಳು. ನಾನು ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿದುಹೋಗ್ತಿತ್ತು.

"ಚಪ್ಪಲಿ ಬಿಡಮ್ಮ," ಅಂದೆ. "ಅಮ್ಮನ ತಲೆ ಸರಿಯಾಗೇ ಇದೆ ಕಣೋ. ಕೇಳಿಸಿದ್ದೆಲ್ಲ ನಿಜ. ಬೀದಿ ಪೋಲಿಗಳಿಗೆ ಅವಳ ಕೋಣೆ ಬಾಗಿಲು ತೆಗೆದಿಟ್ಟವಳು ನಾನು." ಎದುರುಮನೆಯಾಕೆ ಇದ್ದಾಳೆ ಅಂತ ಗೊತ್ತಿದ್ದೂ ಒಂದೂ ಬಿಡದೆ ಹೇಳಿದೆ, ಅವಳಿಗೆ ಫೋನ್ ಮಾಡದೆ ಇದ್ದದ್ದನ್ನೂ ಹೇಳಿದೆ.

ಅಮ್ಮ ಚಪ್ಪಲಿ ಬಿಟ್ಟು ಕುರ್ಚಿ ಹತ್ತಿರ ಹೋದಳು. ಅದರ ಬೆನ್ನು ಹಿಡಿದು ಹಾಗೇ ನಿಂತಳು. ಆಮೇಲೆ ನನ್ನ ಮುಖ ನೋಡಿ ಕೇಳಿದಳು:

"ಕೂತ್ಕೊಳ್ಳಲಾ?"