ಕೆಂಡಕ್ಕೆ ಹೋದ ಕಾಗದದ ಬೀದಿ

ಬಿಳಿ ಅಂಗಿಯ ಕಾಲರಿನ ಮೇಲೆ ಅವಳು ಇಸ್ತ್ರಿ ಪೆಟ್ಟಿಗೆಯ ಮೂತಿಯನ್ನು ಒತ್ತಿ ಎಳೆದಳು. ಹದಿನೇಳು ಅಂಗಿ ಮುಗಿದಿದ್ದವು, ಇನ್ನು ಒಂಬತ್ತು. ಇವತ್ತು ಕೆಂಡ ಬೇಗ ಹಿಡಿದಿತ್ತು. ಬೆಳಿಗ್ಗೆ ಮೇಜಿನ ಕೆಳಗೆ ಒಂದು ಚೀಲದ ತುಂಬ ಹಳೇ ಕಾಗದ ಸಿಕ್ಕಿತ್ತು. ಒಂದೊಂದೂ ಮಡಿಚಿ ಮಡಿಚಿ ಗಟ್ಟಿಯಾಗಿತ್ತು. ಇದ್ದಿಲಿನ ಕೆಳಗೆ ತುರುಕಿ ಕಡ್ಡಿ ಗೀರಿದ್ದೇ ತಡ, ಭಗ್ಗೆಂದು ಹತ್ತಿಕೊಂಡಿತ್ತು.

ಹೊಸಿಲ ಬಳಿ ಕೂತು ಉದುರಿದ ಗುಂಡಿ ಹೊಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. "ನಿನ್ನ ಚಿಕ್ಕವಳ ಜೊತೆ ಟೀಚರ್ ಬರ್ತಿದ್ದಾರೆ ನೋಡು. ಏನು ಘನಕಾರ್ಯ ಮಾಡಿದ್ದಾಳೋ!"

ಎರಡು ದಿನದ ಹಿಂದೆ ಚಿಕ್ಕವಳು ಭಿನ್ನರಾಶಿಯ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ಮೂರು ತಂದಿದ್ದಳು. ಅವಳದು ಮೂರನೇ ಕ್ಲಾಸು. ಅದೇ ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿರುವ ದೊಡ್ಡವಳು ಯಾವತ್ತೂ ಮೊದಲನೆಯವಳು. "ಅಕ್ಕನ್ನ ನೋಡಿ ಕಲಿ" ಎನ್ನುವುದು ಆ ಮನೆಯಲ್ಲಿ ಉಪ್ಪಿನ ಹಾಗೆ, ಊಟಕ್ಕೊಮ್ಮೆ ಬೀಳಲೇಬೇಕು.

"ಬನ್ನಿ ಟೀಚರ್. ಮತ್ತೆ ನೋಟ್‌ಬುಕ್ ಹರಿದಿದ್ದಾಳಾ? ನನಗೂ ಹೇಳಿ ಹೇಳಿ ಸಾಕಾಗಿದೆ."

"ದೂರು ಹೇಳೋಕೆ ಬಂದಿಲ್ಲಮ್ಮ" ಎಂದರು ಟೀಚರ್. "ಸೋಮವಾರ ಶಾಲೆಗೆ ಅಪ್ಪ-ಅಮ್ಮಂದಿರನ್ನೆಲ್ಲ ಕರೆದಿದ್ದೀವಿ. ಪ್ರತಿ ಮಗುವೂ ತನಗೆ ಚೆನ್ನಾಗಿ ಬರೋದು ಒಂದನ್ನ ತೋರಿಸ್ಬೇಕು. ನಿಮ್ಮ ಮಗಳು ಕಾಗದದಲ್ಲಿ ಒಂದು ಬೀದಿನೇ ಮಾಡಿದ್ದಾಳಂತೆ. ನೋಡೋಣ ಅಂತ ಬಂದೆ."

ಚಿಕ್ಕವಳು ಆಗಲೇ ಮೇಜಿನ ಕೆಳಗೆ ತೂರಿದ್ದಳು. "ಅಜ್ಜೀ, ನನ್ನ ಚೀಲ ತೆಗೆದ್ಯಾ?"

"ನಾನ್ಯಾಕೆ ತೆಗೀಲಿ? ನಿನ್ನ ಕಸ ನಿನಗೇ ಇರಲಿ ಮಹಾತಾಯಿ."

ತಾಯಿಯ ಕೈ ನಿಂತಿತು. ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಅದು... ಬೆಳಿಗ್ಗೆ ಕೆಂಡ ಮಾಡೋಕೆ... ನಾನು ರದ್ದಿ ಅಂದ್ಕೊಂಡೆ ಕಣೇ."

ಚಿಕ್ಕವಳು ಅಳಲಿಲ್ಲ. ಬೂದಿಯ ಪಕ್ಕ ಅರ್ಧ ಸುಟ್ಟ ಚೂರೊಂದು ಬಿದ್ದಿತ್ತು. ಅವಳ ಬೀದಿಯ ಮನೆಯೊಂದರ ಎಂಟು ಮೆಟ್ಟಿಲಲ್ಲಿ ಮೂರು ಉಳಿದಿದ್ದವು. ಅದನ್ನು ಎತ್ತಿ ಊದಿ ಜೇಬಿಗೆ ಹಾಕಿಕೊಂಡಳು. ಅತ್ತುಬಿಟ್ಟಿದ್ದರೆ ತಾಯಿಗೆ ಎಷ್ಟೋ ಹಗುರಾಗುತ್ತಿತ್ತು. ತಪ್ಪು ತನ್ನದೆಂದು ಗೊತ್ತಾದಾಗ ಬಾಯಿಗೆ ಮೊದಲು ಬರುವುದು ಸಿಟ್ಟೇ.

"ಹೋಗ್ಲಿ ಬಿಡಿ ಟೀಚರ್. ಮೂರು ಮಾರ್ಕ್ಸ್ ತಂದವಳಿಗೆ ಕಾಗದದ ಆಟ ಬೇರೆ ಕೇಡು."

ಅತ್ತೆಯೂ ದನಿ ಸೇರಿಸಿದರು. "ಮತ್ತೇನು! ಕಾಗದ ಮಡಿಚಿದ್ರೆ ಹೊಟ್ಟೆ ತುಂಬುತ್ತಾ?"

ಟೀಚರ್ ಸುತ್ತಲೂ ನೋಡಿದರು. ಗೋಡೆಯ ಉದ್ದಕ್ಕೂ ಮಡಿಚಿಟ್ಟ ಬಟ್ಟೆಗಳ ಸಾಲು. "ಈ ಮನೇಲಿ ಮಡಿಚಿಯೇ ಅಲ್ವಾ ಅಜ್ಜಿ ಎಲ್ಲರ ಹೊಟ್ಟೆ ತುಂಬ್ತಿರೋದು?"

ಅತ್ತೆ ಸೂಜಿಗೆ ದಾರ ಪೋಣಿಸುವುದರಲ್ಲಿ ಇದ್ದಕ್ಕಿದ್ದಂತೆ ಮಗ್ನರಾದರು.

ಟೀಚರ್ ಬಟ್ಟೆ ಸುತ್ತಿಕೊಡುವ ಹಳೇ ಪತ್ರಿಕೆಯ ಹಾಳೆಯೊಂದನ್ನು ತೆಗೆದು ಚಿಕ್ಕವಳ ಮುಂದಿಟ್ಟರು. "ಇದರಲ್ಲಿ ಎಂಟನೇ ಒಂದು ಭಾಗ ತೋರಿಸು ಪುಟ್ಟಾ."

ಚಿಕ್ಕವಳು ಮೂರು ಸಲ ಮಡಿಚಿದಳು. ಅಂಚಿಗೆ ಅಂಚು ಕೂಡಿತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ.

"ಅರ್ಧ ದೊಡ್ಡದೋ, ಎಂಟರಲ್ಲಿ ಮೂರು ಭಾಗ ದೊಡ್ಡದೋ?"

ಅವಳು ಬಿಚ್ಚಿ ಗೆರೆಗಳ ಮೇಲೆ ಬೆರಳಾಡಿಸಿದಳು. "ಅರ್ಧ. ಅರ್ಧದಲ್ಲಿ ಇಂಥವು ನಾಲ್ಕು ಬರ್ತವಲ್ಲ!"

"ನಾನು ಪರೀಕ್ಷೇಲಿ ಕೇಳಿದ್ದೂ ಇದನ್ನೇ" ಎಂದರು ಟೀಚರ್. "ತಪ್ಪು ನನ್ನದೂ ಇದೆ. ಬೋರ್ಡ್ ಮೇಲೆ ಬರೆದೆ, ಅವಳ ಕೈಗೆ ಕೊಡಲಿಲ್ಲ. ಈಗ ನೀವೇ ಹೇಳಿ. ಈ ಅಂಗಿಗೆ ಇಟ್ಟ ಶಾಖದಲ್ಲೇ ಆ ರೇಷ್ಮೆ ಬಟ್ಟೆನೂ ತೀಡಿಬಿಡ್ತೀರಾ?"

"ಅಯ್ಯಯ್ಯೋ, ಸುಟ್ಟು ಕರಕಲಾಗುತ್ತೆ!"

"ಹಾಗಾದ್ರೆ ರೇಷ್ಮೆ ಕೆಟ್ಟ ಬಟ್ಟೆ ಅಂತೀರಾ?"

ತಾಯಿಯ ಕೈ ರೇಷ್ಮೆಯ ಅಂಚಿನ ಮೇಲೆ ಹೋಯಿತು. ಇಪ್ಪತ್ತು ವರ್ಷದಿಂದ ಬಟ್ಟೆಯನ್ನು ಮುಟ್ಟಿಯೇ ಅದಕ್ಕೆಷ್ಟು ಶಾಖ ಬೇಕೆಂದು ಹೇಳುವ ಕೈ ಅವಳದು. ಹೊಟ್ಟೆಯಲ್ಲಿ ಹುಟ್ಟಿದ್ದನ್ನು ಮಾತ್ರ ಹಾಗೆ ಮುಟ್ಟಿ ನೋಡಿರಲಿಲ್ಲ.

"ಬೀದಿ ಸುಟ್ಟುಹೋಯ್ತಲ್ಲ, ಸೋಮವಾರಕ್ಕೆ ಏನು ಮಾಡ್ತೀಯ?" ಟೀಚರ್ ಕೇಳಿದರು.

"ಅಲ್ಲೇ ಮಾಡ್ತೀನಿ ಟೀಚರ್. ಎಲ್ಲರ ಮುಂದೆ."

ಸೋಮವಾರ ತಾಯಿ ಪತ್ರಿಕೆಯ ಒಂದು ದೊಡ್ಡ ಕಟ್ಟನ್ನು ತಾನೇ ಸೊಂಟಕ್ಕೇರಿಸಿಕೊಂಡು ಶಾಲೆಗೆ ಹೋದಳು. ಜೊತೆಗೆ, ಮಂಡಿ ನೋವು ಮರೆತ ಅತ್ತೆ. ಒಂದು ಮಗು ಹಕ್ಕಿಗಳ ಕೂಗನ್ನೆಲ್ಲ ಕೂಗಿತು, ಇನ್ನೊಂದು ಬಾಯಿಲೆಕ್ಕ ಹೇಳಿತು. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗ ಕೆಟ್ಟುಹೋಗಿದ್ದ ಸೈಕಲ್ ಗಂಟೆಯನ್ನು ಬಿಚ್ಚಿ ರಿಪೇರಿ ಮಾಡಿದ. ಚಿಕ್ಕವಳ ಸರದಿ ಬಂದಾಗ ಅವಳು ನೆಲದ ಮೇಲೆ ಕೂತು ಮಡಿಚತೊಡಗಿದಳು.

ಮೊದಲು ಒಬ್ಬರಿಬ್ಬರು ನಕ್ಕರು. ಮೂರನೇ ಮನೆ ಎದ್ದು ನಿಂತಾಗ ನಗು ನಿಂತಿತು. ಅಂಗಡಿ ಬಂತು, ಬಾಗಿಲು ಬಂತು, ಎಂಟು ಮೆಟ್ಟಿಲು ಬಂದವು. "ನಾಲ್ಕನೇ ಒಂದು ಭಾಗ ಮಡಿಚಿ ಕೊಡ್ರೋ! ಹೂಂ, ಈಗ ಅದರಲ್ಲಿ ಅರ್ಧ!" ಎಂದು ಅವಳು ಕೇಳುತ್ತಿದ್ದಂತೆ ಇಡೀ ಕ್ಲಾಸು ಸುತ್ತ ಕೂತು ಮಡಿಚಿಕೊಟ್ಟಿತು. ಭಿನ್ನರಾಶಿಗೆ ಹೆದರುತ್ತಿದ್ದ ಮಕ್ಕಳ ಬಾಯಲ್ಲಿ ಭಿನ್ನರಾಶಿಯೇ ಜಗಳವಾಯಿತು, ಆಟವಾಯಿತು.

ಕೊನೆಗೆ ಬೀದಿಯ ತುದಿಯಲ್ಲಿ ಒಂದು ಮೇಜು. ಅದರ ಮೇಲೆ ಹೆಬ್ಬೆರಳಷ್ಟು ಇಸ್ತ್ರಿ ಪೆಟ್ಟಿಗೆ. ಮುಚ್ಚಳ ತೆರೆಯುತ್ತಿತ್ತು.

"ಒಳಗೆ ಕೆಂಡ ಎಲ್ಲಮ್ಮಾ?" ಹೆಡ್‌ಮಾಸ್ಟರು ಬಗ್ಗಿ ಕೇಳಿದರು.

ಚಿಕ್ಕವಳು ಜೇಬಿನಿಂದ ಆ ಅರ್ಧ ಸುಟ್ಟ ಚೂರನ್ನು ತೆಗೆದು ಪೆಟ್ಟಿಗೆಯೊಳಗಿಟ್ಟಳು. "ಇಲ್ಲಿದೆ ಸಾರ್. ಅಮ್ಮನೇ ಸುಟ್ಟುಕೊಟ್ಟಿದ್ದು."

ಸಭೆ ಬಿದ್ದು ಬಿದ್ದು ನಕ್ಕಿತು. ಆಮೇಲೆ ಎದ್ದ ಚಪ್ಪಾಳೆಗೆ ಕಿಟಕಿಯ ಗಾಜು ಗಲಗಲ ಎಂದಿತು. ತಾಯಿಯೂ ನಕ್ಕಳು, ಕಣ್ಣು ಮಾತ್ರ ಮಾತು ಕೇಳಲಿಲ್ಲ. "ನಮ್ಮನೆ ಮಗು ಕಣ್ರೀ! ಹುಟ್ಟಿದಾಗಲೇ ಬೆರಳು ನೋಡಿ ಹೇಳಿದ್ದೆ ನಾನು" ಎಂದು ಅತ್ತೆ ಗುರುತಿಲ್ಲದವರಿಗೂ ಸಾರುತ್ತಿದ್ದರು. ಆ ಭರದಲ್ಲೇ ಪಕ್ಕದಲ್ಲಿದ್ದ ದೊಡ್ಡವಳ ಭುಜ ತಿವಿದರು. "ನೋಡ್ದೇನೇ? ಇನ್ಮೇಲೆ ನೀನೂ ತಂಗೀನ್ನ ನೋಡಿ ಕಲಿ!"

ಚಪ್ಪಾಳೆ ತಟ್ಟುತ್ತಿದ್ದ ದೊಡ್ಡವಳ ಕೈ ಕೆಳಗಿಳಿಯಿತು. ಅವಳ ಮಡಿಲಲ್ಲಿ ಒಂದನೇ ಕ್ಲಾಸಿನ ಯಾವುದೋ ಮಗು ಒರಗಿತ್ತು. ಸ್ವಲ್ಪ ಮೊದಲು ಗದ್ದಲಕ್ಕೆ ಹೆದರಿ ಅಳುತ್ತಿದ್ದುದನ್ನು ಯಾರೂ ಹೇಳದೆ ಅವಳೇ ಕರೆದು ಕೂರಿಸಿಕೊಂಡು, ಕಿವಿಯಲ್ಲಿ ಏನೋ ಕಥೆ ಹೇಳಿ ನಗಿಸಿದ್ದಳು.

ತಾಯಿ ಅದನ್ನು ನೋಡಿದಳು. ಮೊದಲನೇ ಸ್ಥಾನ ಬರುತ್ತದಲ್ಲ ಎಂದು ಈ ಮಗಳನ್ನು ಇನ್ನೂ ಕಮ್ಮಿ ನೋಡಿದ್ದೆನಲ್ಲ ಅನ್ನಿಸಿತು. ಇನ್ನು ಸಂಜೆ ಇವಳು ಬಂದಾಗ ಮಾರ್ಕ್ಸ್ ಎಷ್ಟು ಎಂದು ಕೇಳುವುದಿಲ್ಲ, ಆ ಮಗುವಿಗೆ ಹೇಳಿದ ಕಥೆ ಯಾವುದು ಎಂದು ಕೇಳುತ್ತೇನೆ. ಅಷ್ಟು ನಿಶ್ಚಯಿಸಿಕೊಂಡಳು. ಉಳಿದ ಪತ್ರಿಕೆಯ ಕಟ್ಟನ್ನು ಸೊಂಟಕ್ಕೇರಿಸಿ, ಖಾಲಿ ಇದ್ದ ಕೈಯಿಂದ ದೊಡ್ಡವಳ ಕೈ ಹಿಡಿದಳು.

ಇದನ್ನು ಓದುತ್ತಿರುವ ಅಮ್ಮ, ಅಪ್ಪ, ಅಜ್ಜಿಯರೇ, ನಿಮ್ಮ ಮನೆಯ ಮೇಜಿನ ಕೆಳಗೂ ಒಂದು ಚೀಲವಿದ್ದೀತು. ಕಸವೆಂದು ಎಸೆಯುವ ಮುನ್ನ ಒಮ್ಮೆ ಬಿಚ್ಚಿ, "ಇದೇನು ಮಾಡಿದ್ದೀಯ?" ಎಂದು ಕೇಳಿ. ನಿಮ್ಮ ಮಗುವಿಗೆ ಏನು ಇಷ್ಟ ಎನ್ನುವುದನ್ನು ಶಾಲೆಗೆ ಹೋಗಿ ಟೀಚರಿಗೆ ಹೇಳಿ. ಪಾಠಕ್ಕೆ ಅಲ್ಲಿಂದಲೇ ಒಂದು ದಾರಿ ಸಿಕ್ಕೀತು. ಒಂದು ಮಗುವನ್ನು ಇನ್ನೊಂದರ ಪಕ್ಕ ನಿಲ್ಲಿಸಿ ಅಳೆಯಬೇಡಿ, ಸೋತಾಗಲೂ ಬೇಡ, ಗೆದ್ದಾಗಲೂ ಬೇಡ. ಇವತ್ತು ಸಂಜೆ ಮಗು ಮನೆಗೆ ಬರುತ್ತದಲ್ಲ, ಕೈಯಲ್ಲಿರುವ ಕೆಲಸ ಒಂದು ಗಳಿಗೆ ಪಕ್ಕಕ್ಕಿಟ್ಟು ಅದರ ಕೈ ನೋಡಿ.