ಬಾರ್ತೋಲೋ ಆಮೆ ಕಡಲಿಗಿಳಿದ ಪುಟ

ಹೇಗೆ ಶುರು ಮಾಡಲಿ? ‘ಒಂದಾನೊಂದು ಊರಿನಲ್ಲಿ’ ಎಂದರೆ ನೀವು ಆಕಳಿಸುತ್ತೀರಿ. ಆಮೆಯ ಸಾವಿನಿಂದ ಶುರು ಮಾಡಿದರೆ ಒನೇಲಿಯಾ ನನ್ನ ಕತ್ತು ಹಿಸುಕುತ್ತಾಳೆ. (ಮೊದಲ ಡ್ರಾಫ್ಟ್ ಹರಿದು ಹಾಕಿದ್ದು ಅವಳೇ.) ಸರಿ, ಅವಳಿಂದಲೇ ಶುರುವಾಗಲಿ.

೧
ಒನೇಲಿಯಾ ಪಿನಾರ್ ದೆಲ್ ರಿಯೋ ಊರಿನ ನಮ್ಮ ಚುಟ್ಟಾ ಕಾರ್ಖಾನೆಯ ಓದುಗಿತ್ತಿ. ನಾವು ನೂರು ಜನ ಎಲೆ ಸುತ್ತುತ್ತೇವೆ. ಅವಳು ಅಟ್ಟಣೆಯ ಮೇಲೆ ಕೂತು ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದಿ ಹೇಳುತ್ತಾಳೆ. ಯಾವ ಪುಸ್ತಕವೆಂದು ನಾವೇ ಕೈ ಎತ್ತಿ ಆರಿಸುತ್ತೇವೆ. ಹಿಡಿಸಿದರೆ ಎಲೆ ಕತ್ತರಿಸುವ ಕತ್ತಿಯಿಂದ ಹಲಗೆ ಕುಟ್ಟುತ್ತೇವೆ, ಹಿಡಿಸದಿದ್ದರೆ ಕತ್ತಿಯನ್ನು ನೆಲಕ್ಕೆ ಬಿಸಾಡುತ್ತೇವೆ. ವಿಮರ್ಶಕರು ಬಂದು ಕಲಿಯಬಹುದು.

೨
ಈ ಸಲ ಅವಳು ಹಟ ಹಿಡಿದು ‘ಉಪ್ಪಿನ ಸಾಮ್ರಾಜ್ಯ’ಕ್ಕೆ ಕೈ ಎತ್ತಿಸಿದಳು. ಐದು ಸಂಪುಟ, ಮಾಟಗಾತಿಯರು, ಹಾರುವ ಹಡಗು, ಜೊತೆಗೆ ಬಾಯಿಬಡುಕ ಆಮೆ ಬಾರ್ತೋಲೋ. ಚಿಕ್ಕಂದಿನಲ್ಲಿ ಆ ಆಮೆಯೆಂದರೆ ಅವಳಿಗೆ ಪ್ರಾಣ. ಆಗ ಇಲ್ಲಿ ಓದುತ್ತಿದ್ದವನು ಅವಳಪ್ಪ ಎವಾರಿಸ್ತೋ. ಅವಳು ಅಟ್ಟಣೆಯ ಕೆಳಗೆ ಕೂತು ಕೇಳಿದವಳು. ಪುಸ್ತಕದಲ್ಲಿ ಇಲ್ಲದ ಒಂದಕ್ಷರವೂ ತನ್ನ ಬಾಯಿಂದ ಬಂದಿಲ್ಲವೆಂಬುದು ಅಪ್ಪನ ಹೆಮ್ಮೆ, ಮಗಳ ವ್ರತ.

ಮುಂದಿನ ಪುಟಗಳನ್ನು ಅವಳು ತಿರುವಿಯೂ ನೋಡಲಿಲ್ಲ. ಬಾಯಿಪಾಠ ಬರುವ ಪುಸ್ತಕವನ್ನು ಯಾರು ನೋಡುತ್ತಾರೆ?

೩
ಎರಡನೇ ಸಂಪುಟ, ನಲವತ್ತನೇ ಪುಟ. ‘ಬಾರ್ತೋಲೋ ಕಡಲಿಗಿಳಿದ. ಮರಳಿ ಬರಲಿಲ್ಲ.’ ಮುಂದಿನ ಸಾಲಿನಲ್ಲೇ ರಾಜಕುಮಾರಿಗೆ ಮದುವೆಯ ಚಿಂತೆ!

ಓದು ನಿಂತಿತು. ಒನೇಲಿಯಾ ಉಳಿದ ಸಂಪುಟಗಳನ್ನು ಅಲ್ಲೇ ತಿರುವಿಹಾಕಿದಳು. ಆಮೆ ಎಲ್ಲೂ ಇಲ್ಲ. ಅಪ್ಪ ಓದಿದಾಗ ಮೂರನೆಯದರಲ್ಲಿ, ಕಾಫಿಗೆ ಬಟಾಣಿ ಬೆರೆಸಿದ್ದಾರೆಂದು ರಾಜನೆದುರು ರಂಪ ಮಾಡಿದ ಆಮೆ ಎಲ್ಲಿ ಹೋಯಿತು? (ಯಾವ ಮಾಯಾರಾಜ್ಯದಲ್ಲಿ ನಮ್ಮ ಪಡಿತರದ ಬಟಾಣಿ ಕಾಫಿ ಕೊಡುತ್ತಾರೆಂದು ಅವಳಿಗೆ ಆಗಲೇ ಅನುಮಾನ ಬರಬೇಕಿತ್ತು.)

“ಯಾಕೆ ನಿಲ್ಸಿದ್ರಿ? ಆಮೆ ಎಲ್ಲಿ?” ಹಿಂದಿನ ಸಾಲಿನವರು ಕೂಗಿದರು.

ನಮ್ಮಲ್ಲೇ ಹಿರಿಯಳಾದ ಸೆನೈದಾ ಎಲೆಯಿಂದ ತಲೆ ಎತ್ತದೆ ಹೇಳಿದಳು: “ನಿಮ್ಮಪ್ಪ ಅವತ್ತು ಅರ್ಧ ಗಂಟೆ ಓದಿದ, ಒಂದು ಪುಟಾನೂ ತಿರುಗಿಸ್ಲಿಲ್ಲ ಕಣೇ. ನಮಗೇನು ಕಣ್ಣಿರ್ಲಿಲ್ವಾ?”

“ಅಪ್ಪ ಸುಳ್ಳು ಓದಿದ್ರಾ?”

“ನಿಮ್ಮಮ್ಮ ದೇಶ ಬಿಟ್ಟು ಮಯಾಮಿ ದೋಣಿ ಹತ್ತಿ ಎಂಟು ದಿನ ಆಗಿತ್ತು. ನೀನು ಕೆಳಗಡೆ ಕೂತಿದ್ದೆ. ಕಡಲಿಗೆ ಹೋದೋರು ಬರಲ್ಲ ಅಂತ ನಿನ್ನೆದುರಿಗೆ ಹೆಂಗೆ ಓದ್ತಾನೆ? ಅವತ್ತಿಂದ ಕೊನೇ ಸಂಪುಟದವರೆಗೂ ಆಮೆ ಕತೆ ತಾನೇ ಕಟ್ಟಿ ಹೇಳ್ದ, ನಾವೆಲ್ಲ ಹಲಗೆ ಮುರಿಯೋ ಹಂಗೆ ಕುಟ್ಟಿದ್ವಿ.”

ಒನೇಲಿಯಾಳ ಕಣ್ಣು ತುಂಬಿತು. ನನ್ನದೂ ತುಂಬಿತು, ಸುತ್ತುತ್ತಿದ್ದ ಚುಟ್ಟಾ ಸೊಟ್ಟಗಾಯಿತು.

೪
ಇಲ್ಲಿಗೆ ಮೂರು ಅಂತ್ಯ ಬರೆದೆ. ಒಂದರಲ್ಲಿ ಅವಳು ಅಚ್ಚಾದದ್ದನ್ನೇ ಓದಿ ವ್ರತ ಉಳಿಸಿಕೊಂಡಳು. ಇನ್ನೊಂದರಲ್ಲಿ ಅಪ್ಪನಂತೆ ಆಮೆಯನ್ನು ದಡಕ್ಕೆಳೆದಳು. ಮೂರನೆಯದರಲ್ಲಿ ಅಮ್ಮನೇ ಬಾಗಿಲಲ್ಲಿ ಪ್ರತ್ಯಕ್ಷ. (ನನಗೇ ನಾಚಿಕೆಯಾಗಿ ಹೊಡೆದುಹಾಕಿದೆ.)

೬
(ಐದನೆಯ ಭಾಗವನ್ನು ಒನೇಲಿಯಾ ಕಿತ್ತುಕೊಂಡಳು.) ಊಟದ ಬಿಡುವಿನಲ್ಲಿ ಬಂದು, ನನ್ನ ಅನ್ನ-ಹುರುಳಿಯ ಡಬ್ಬಿ ಪಕ್ಕಕ್ಕೆ ಸರಿಸಿ ಎಲ್ಲವನ್ನೂ ಓದಿದಳು.

“ನಿನ್ನ ಅಂತ್ಯ ನೀನೇ ಇಟ್ಕೋ.”

“ಓದುಗರಿಗೆ ಏನಾದ್ರೂ ಕೊಡಬೇಕಲ್ಲ, ಒನೇಲಿಯಾ!”

“ಆಮೆ ಬಂತಲ್ಲ, ಅಮ್ಮಾನೂ ಬರ್ತಾಳೆ ಅಂತ ಎಷ್ಟು ವರ್ಷ ಕಾದೆ ಗೊತ್ತಾ? ಅಪ್ಪ ಮಾಡಿದ್ದು ಉಪಕಾರಾನೋ ಅನ್ಯಾಯಾನೋ ನನಗೇ ಗೊತ್ತಿಲ್ಲ. ತೀರ್ಮಾನ ಮಾಡೋಕೆ ನೀನ್ಯಾರಯ್ಯ?”

ನಾನು ಯಾರೂ ಅಲ್ಲ. ಚುಟ್ಟಾ ಸುತ್ತುವವನು.

ಆದ್ದರಿಂದ ಇಷ್ಟು ಮಾತ್ರ: ಓದು ನಿಂತ ಆ ದಿನ ಅವಳು ಒಂದು ಲೋಟ ನೀರು ಕುಡಿದು, ಅದೇ ಪುಟ ತೆರೆದು, ಮೈಕಿನ ಹತ್ತಿರ ಬಾಯಿ ತಂದಳು. ಏನು ಓದಿದಳೆಂದು ನಾವು ನೂರು ಜನರಿಗೂ ಗೊತ್ತು. ನಿಮಗೆ ಹೇಳಬೇಕೆಂದರೆ ನಾನು ಆಮೆಯನ್ನು ಮುಳುಗಿಸಬೇಕು, ಇಲ್ಲವೇ ಅವಳನ್ನು ಮತ್ತೆ ಕಾಯಲು ಕೂರಿಸಬೇಕು. ಎರಡೂ ನನ್ನ ಕೈಲಾಗದು.