ಕಲಿಸುವವರ ಖಾನೆ

ಕನ್ನಡಕ ಹಾಕಿಕೊಳ್ಳದೆ ಯಾವ ಫಾರಂ ಅನ್ನೂ ತುಂಬಬೇಡ ಎಂದು ನಮ್ಮನೆಯವರು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾರೆ. ಹೇಳಿದ್ದನ್ನೆಲ್ಲ ಕೇಳುವ ಪೈಕಿ ನಾನಲ್ಲ. ಅವತ್ತು ನನ್ನ ಕೈಬೆರಳಿಗೆಲ್ಲ ಅಂಟು ಮೆತ್ತಿಕೊಂಡಿತ್ತು. ಟ್ಯಾಕ್ಸಿಯವನೊಬ್ಬ ತನ್ನ ಸೀಟು ಒಯ್ಯಲು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದ. ಮಗಳು ಫೋನನ್ನು ನನ್ನ ಮೂಗಿನ ಕೆಳಗೆ ಹಿಡಿದು "ಬೇಗ ಅಮ್ಮ, ಬೇಗ" ಎಂದು ಕುಣಿಯುತ್ತಿದ್ದಳು. ಫಾರಂನಲ್ಲಿ ಎರಡು ಖಾನೆಗಳಿದ್ದವು. ಒಂದರಲ್ಲಿ ಕಲಿಯುವವರ ಹೆಸರು, ವಯಸ್ಸು. ಇನ್ನೊಂದರಲ್ಲಿ ಕಲಿಸುವವರ ಹೆಸರು, ವಯಸ್ಸು. ಎರಡಕ್ಕೂ ಇರುವುದು ಒಂದೇ ಒಂದು ಅಕ್ಷರದ ವ್ಯತ್ಯಾಸ. ಅಂಟಿಲ್ಲದ ಕಿರುಬೆರಳಿನಲ್ಲಿ ಟಪಟಪ ಒತ್ತಿ ಮುಗಿಸಿದೆ. ಅಷ್ಟು ದೊಡ್ಡ ವಿಷಯವನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಬರೆದವರು ಯಾರೋ, ಅವರ ಕಿವಿ ಹಿಂಡಬೇಕು.

ನಾನು ಗಾಡಿಗಳ ಸೀಟಿಗೆ ಕವರ್ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ರೆಕ್ಸಿನ್ ಸುರುಳಿಗಳು ಗೋಡೆಗೆ ಒರಗಿ ನಿಂತಿರುತ್ತವೆ, ಫೋಮಿನ ಪುಡಿ ಅನ್ನದ ತಟ್ಟೆಯವರೆಗೂ ಬರುತ್ತದೆ. ಮಗಳಿಗೆ ಹನ್ನೊಂದು ವರ್ಷ. ಬಾಯಿಗೆ ಬಿಡುವಿಲ್ಲದ ಕಾರಣ ಅವಳನ್ನು ಜೀರುಂಡೆ ಎಂದು ಕರೆಯುತ್ತೇವೆ. ಹೋದ ವರ್ಷ ಜೀರುಂಡೆ ಮೆಟ್ಟಿಲಿನಿಂದ ಬಿದ್ದು ಕಾಲು ಮುರಿದುಕೊಂಡು ಐದು ತಿಂಗಳು ಮಂಚ ಹಿಡಿದಳು. ಎದ್ದು ಓಡಾಡುವ ಹೊತ್ತಿಗೆ ಶಾಲೆಯವರು ಅದೇ ತರಗತಿಯಲ್ಲಿ ಇನ್ನೊಮ್ಮೆ ಕೂರಬೇಕು ಎಂದರು. ಗೆಳತಿಯರೆಲ್ಲ ಮುಂದಿನ ತರಗತಿಗೆ, ಇವಳು ಅದೇ ಹಳೆಯದಕ್ಕೆ. ಎರಡು ದಿನ ಹೋಗಿ ಬಂದಳು. ಆ ಎರಡೂ ದಿನ ನಮ್ಮ ಮನೆಯಲ್ಲಿ ಒಂದು ಮಾತೂ ಕೇಳಿಸಲಿಲ್ಲ. ಜೀರುಂಡೆ ಸುಮ್ಮನಾದರೆ ಮನೆ ಎಷ್ಟು ಭಯಂಕರವಾಗಿರುತ್ತದೆ ಎಂದು ನನಗೆ ಗೊತ್ತಾಗಿದ್ದು ಆಗಲೇ.

ಮೂರನೆಯ ದಿನ ನಾನೇ ಶಿಕ್ಷಣ ಕಚೇರಿಗೆ ಹೋಗಿ, ಇವಳಿಗೆ ಮನೆಯಲ್ಲೇ ಕಲಿಸುತ್ತೇನೆ ಎಂದು ಅರ್ಜಿ ಕೊಟ್ಟೆ. ಅಲ್ಲಿದ್ದ ಅಧಿಕಾರಿ ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀವು ಎಷ್ಟರವರೆಗೆ ಓದಿದ್ದೀರಿ?" ಎಂದರು. ಏಳರವರೆಗೆ ಎಂದೆ. ಏಳು ಪಾಸೋ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾಲ್ಕು ತಿಂಗಳು ಅವಕಾಶ ಸಿಕ್ಕಿತು. ಆಮೇಲೆ ಮೇಡಂ ಮನೆಗೇ ಬಂದು ನೋಡುತ್ತಾರೆ. ಮಗು ಕಲಿತಿದ್ದರೆ ಒಂದು ವರ್ಷದ ಅನುಮತಿ, ಇಲ್ಲದಿದ್ದರೆ ಮರುದಿನವೇ ಅದೇ ಹಳೆಯ ಬೆಂಚು.

ಆಗ ಸಿಕ್ಕಿದ್ದು ಈ ಬಿಟ್ಟಿ ಶಾಲೆ. ಹೆಸರು ಬೇರೆ ಏನೋ ಇದೆ, ನಾವಿಟ್ಟ ಹೆಸರು ಇದು. ಫೋನಿನಲ್ಲಿ ತೆರೆದರೆ ಪಾಠ, ವಿಡಿಯೊ, ಅಭ್ಯಾಸ, ಪರೀಕ್ಷೆ ಎಲ್ಲವೂ ಪುಕ್ಕಟೆ. ನನಗೆ ಮೊದಲು ಅನುಮಾನವೇ ಇತ್ತು. ಸುಮ್ಮಸುಮ್ಮನೆ ಕೊಡುತ್ತಾರೆಂದರೆ ಯಾರಿಗೋ ತಲೆ ಕೆಟ್ಟಿರಬೇಕು ಅಥವಾ ನಮ್ಮ ತಲೆ ಬೋಳಿಸಲು ಕಾದಿರಬೇಕು ಎಂದುಕೊಂಡಿದ್ದೆ. ನಮ್ಮನೆಯವರು ಒಂದು ವಾರ ಹುಡುಕಿದರೂ ಮೋಸ ಸಿಗಲಿಲ್ಲ. ಅವರಿಗೆ ಅದೇ ಬೇಜಾರು.

ಫಾರಂ ತುಂಬಿದ ಮರುಕ್ಷಣ ಪರದೆಯ ಮೇಲೆ ಒಂದು ಬಲೂನು ಹಾರಿತು. "ಬಾ ಮಗು! ನಿನ್ನ ವಯಸ್ಸು ನಲವತ್ತೊಂದು! ನಿನಗೆ ಎಷ್ಟು ಬರುತ್ತದೆ ನೋಡೋಣವೇ?" ಎಂದು ಬರೆದುಕೊಂಡು ಬಂತು.

"ಏನೇ ಇದು?" ಎಂದೆ.

"ಅಮ್ಮಂದಿರಿಗೂ ಇರತ್ತೇನೋ. ನೀನು ಮೊದಲು ಮಾಡಿ ತೋರಿಸು," ಎಂದಳು ಜೀರುಂಡೆ.

ಟ್ಯಾಕ್ಸಿಯವನಿಗೆ ಸೀಟು ಕೊಟ್ಟು ಕಳಿಸಿ, ಇಷ್ಟೇ ತಾನೇ ಎಂದು ಮಾಡಿದೆ. ಇಪ್ಪತ್ತು ಪ್ರಶ್ನೆಗಳಾದ ಮೇಲೆ ಬಿಟ್ಟಿ ಶಾಲೆ ಬಹಳ ಪ್ರೀತಿಯಿಂದ ನನ್ನನ್ನು ನಾಲ್ಕನೆಯ ತರಗತಿಗೆ ಸೇರಿಸಿತು. ಇಷ್ಟು ವರ್ಷ ಕಣ್ಣಳತೆಯಲ್ಲೇ ರೆಕ್ಸಿನ್ ಕತ್ತರಿಸಿದವಳು ನಾನು! ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಮೊದಲನೆಯ ಪಾಠಕ್ಕೆ ಕೂತೆ. 'ಇವುಗಳಲ್ಲಿ ಸರಿ ಸಂಖ್ಯೆಗಳನ್ನು ಆರಿಸಿ' ಎಂದಿತ್ತು. ನಾಲ್ಕು, ಏಳು, ಹನ್ನೆರಡು, ಹದಿನೈದು. ಎಲ್ಲವನ್ನೂ ಆರಿಸಿದೆ. ಏಳರಲ್ಲಿ ಏನು ತಪ್ಪಿದೆ? ಹದಿನೈದು ಯಾರ ತಂಟೆಗೆ ಹೋಗಿದೆ? ಬಿಟ್ಟಿ ಶಾಲೆ ಕೆಂಪು ಗೆರೆ ಎಳೆಯಿತು.

ಜೀರುಂಡೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೇಜಿನ ಮೇಲೆ ಏಳು ಗುಂಡಿಗಳನ್ನಿಟ್ಟಳು. "ಇಲ್ಲಿ ಸರಿ ಅಂದ್ರೆ ತಪ್ಪಲ್ಲದ್ದು ಅಂತಲ್ಲಮ್ಮ. ಜೋಡಿ ಜೋಡಿಯಾಗಿ ಕೂರ್ಸು. ಯಾರೂ ಒಂಟಿ ಉಳೀಲಿಲ್ಲ ಅಂದ್ರೆ ಸರಿ ಸಂಖ್ಯೆ. ಒಬ್ರು ಉಳಿದ್ರೆ ಬೆಸ."

ಕೂರಿಸಿದೆ. ಒಂದು ಗುಂಡಿ ಒಂಟಿಯಾಗಿ ಉಳಿಯಿತು. ಇಷ್ಟೇನಾ ಎನ್ನಿಸಿತು. ಇಷ್ಟನ್ನು ಯಾರೂ ಹೀಗೆ ಹೇಳಿರಲಿಲ್ಲವಲ್ಲ ಎಂದೂ ಎನ್ನಿಸಿತು.

ಕಲಿಸುವವರಿಗೆಂದು ಬಿಟ್ಟಿ ಶಾಲೆಯಲ್ಲಿ ಬೇರೆಯೇ ಪುಟವಿತ್ತು, ಅದು ಜೀರುಂಡೆಯ ಹೆಸರಿನಲ್ಲಿ ತೆರೆದುಕೊಳ್ಳುತ್ತಿತ್ತು. ಪ್ರತಿ ಪಾಠವನ್ನೂ ಮೊದಲು ಅವಳು ನೋಡಬೇಕು, ಕಲಿಸುವುದು ಹೇಗೆಂದು ಓದಿಕೊಳ್ಳಬೇಕು, ಆಮೇಲೆ ನನ್ನ ಉತ್ತರಗಳನ್ನು ತಿದ್ದಿ ಷರಾ ಬರೆಯಬೇಕು. ಇದು ಎಲ್ಲೋ ಎಡವಟ್ಟಾಗಿದೆ ಎಂದು ಎರಡನೆಯ ವಾರ ನನಗೆ ಅನುಮಾನ ಬಂತು. ಅವಳು ಸ್ನಾನಕ್ಕೆ ಹೋಗಿದ್ದಾಗ ಕನ್ನಡಕ ಹಾಕಿಕೊಂಡು ಆ ಫಾರಂ ತೆರೆದೆ. ಕಲಿಯುವವರ ಖಾನೆಯಲ್ಲಿ ನಾನು, ಕಲಿಸುವವರ ಖಾನೆಯಲ್ಲಿ ನನ್ನ ಮಗಳು. ಕೆಳಗೆ 'ಬದಲಿಸಿ' ಎಂಬ ಗುಂಡಿಯೂ ಇತ್ತು. ಒಂದು ಸಲ ಒತ್ತಿದರೆ ಮುಗಿಯುತ್ತಿತ್ತು.

ಒತ್ತಲಿಲ್ಲ. ಹಿಂದಿನ ದಿನವಷ್ಟೇ ನನ್ನ ಭಾಗಾಕಾರದ ಕೆಳಗೆ ಅವಳು 'ತುಂಬಾ ಚೆನ್ನಾಗಿದೆ' ಎಂದು ಬರೆದಿದ್ದಳು. ನನ್ನ ಜನ್ಮದಲ್ಲಿ ನನ್ನ ಲೆಕ್ಕದ ಕೆಳಗೆ ಯಾರೂ ಹಾಗೆ ಬರೆದಿರಲಿಲ್ಲ. ಇನ್ನೊಂದು ವಾರ ಆಗಲಿ, ಆಮೇಲೆ ಬದಲಿಸಿದರಾಯಿತು ಎಂದುಕೊಂಡೆ. ಸ್ನಾನ ಮುಗಿಸಿ ಬಂದವಳಿಗೆ, "ಇದು ಹೊಸ ಪದ್ಧತಿಯಂತೆ ಕಣೇ, ಮಕ್ಕಳೇ ದೊಡ್ಡೋರಿಗೆ ಕಲಿಸ್ಬೇಕಂತೆ," ಎಂದು ಹಸಿ ಸುಳ್ಳು ಹೇಳಿದೆ. ಅವಳು "ಹೌದಾ!" ಎಂದು ಕಣ್ಣರಳಿಸಿದಳು. ಆ ಇನ್ನೊಂದು ವಾರ ಬೆಳೆದು ಬೆಳೆದು ನಾಲ್ಕು ತಿಂಗಳಾಯಿತು.

ಅಧಿಕಾರ ಸಿಕ್ಕ ಮೇಲೆ ಜೀರುಂಡೆಗೆ ಕೊಂಬು ಬಂತು. ನಾನು ಹೋಂವರ್ಕ್ ಮಾಡದ ದಿನ "ಗಿರಾಕಿ ಬಂದಿದ್ರು" ಎಂದರೆ ಕೇಳುತ್ತಿರಲಿಲ್ಲ. ಒಂದು ಭಾನುವಾರ ಅವರಪ್ಪನನ್ನು ಕರೆಸಿ ಎದುರಿಗೆ ಸ್ಟೂಲಿನ ಮೇಲೆ ಕೂರಿಸಿ, "ನಿಮ್ಮ ಹೆಂಡತಿ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು. ಬುದ್ಧಿ ಇದೆ, ಗಮನ ಇಲ್ಲ," ಎಂದಳು. ನಮ್ಮನೆಯವರು ಕೈಕಟ್ಟಿಕೊಂಡು, "ಮನೇಲೂ ಹಂಗೇ ಟೀಚರ್, ಏನು ಹೇಳಿದ್ರೂ ಕೇಳಲ್ಲ," ಎಂದರು. ಅವತ್ತು ರಾತ್ರಿ ಇಬ್ಬರಿಗೂ ಅಡುಗೆ ನೀವೇ ಮಾಡಿಕೊಳ್ಳಿ ಎಂದುಬಿಟ್ಟೆ.

ನಗುನಗುತ್ತಲೇ ದಿನಗಳು ಓಡಿದವು. ಅಧಿಕಾರಿ ಮೇಡಂ ಬರುವ ದಿನ ಗೊತ್ತಾದಾಗ ಮಾತ್ರ ಕನ್ನಡಕ ಹಾಕಿಕೊಂಡು ಮತ್ತೆ ಫೋನು ತೆರೆದೆ. ಬಿಟ್ಟಿ ಶಾಲೆಯ ದಾಖಲೆಯಲ್ಲಿ ಮುಗಿದ ಪಾಠಗಳೆಲ್ಲ ನನ್ನ ಹೆಸರಿನಲ್ಲಿವೆ. ಮಗಳ ಹೆಸರಿನಲ್ಲಿ ಒಂದು ಅಭ್ಯಾಸವೂ ಇಲ್ಲ. ಈಗ 'ಬದಲಿಸಿ' ಒತ್ತಿದರೆ ಅವಳ ಖಾನೆ ಖಾಲಿಯಾಗಿಯೇ ಬರುತ್ತದೆ. ನಾಲ್ಕು ಒಳ್ಳೆಯ ಮಾತಿನ ಆಸೆಗೆ ನನ್ನ ಮಗಳನ್ನು ನಾನೇ ಆ ಬೆಂಚಿಗೆ ತಳ್ಳಿದ್ದೆ.

ಮೇಡಂ ಬೆಳಿಗ್ಗೆ ಹತ್ತಕ್ಕೆ ಬಂದರು. ನಮ್ಮ ಮನೆಯಲ್ಲಿ ಸೀಟಿಗೆ ಬರವಿಲ್ಲ, ಆದರೆ ಅವತ್ತು ಇದ್ದದ್ದು ಬಸ್ ಡ್ರೈವರ್ ಸೀಟೊಂದೇ, ಅದರಲ್ಲೇ ಅವರನ್ನು ಕೂರಿಸಿದೆ. ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ಅವರು ಅಲುಗಾಡಿದಾಗಲೆಲ್ಲ ಅದು ಕಿರ್ರೋ ಎನ್ನುತ್ತಿತ್ತು, ಮೇಡಂ ಅಲುಗಾಡುವುದನ್ನೇ ನಿಲ್ಲಿಸಿದರು. ಫೋನು ತೆಗೆದುಕೊಂಡು ದಾಖಲೆ ತೆರೆದರು.

"ಕಲಿಯುವವರ ವಯಸ್ಸು ನಲವತ್ತೊಂದು ಅಂತಿದೆ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅಂಟು, ಟ್ಯಾಕ್ಸಿಯವನು, ಕನ್ನಡಕ, ಎರಡನೆಯ ವಾರ, ನಾನು ಒತ್ತದೆ ಬಿಟ್ಟ ಗುಂಡಿ, ಹೇಳಿದ ಸುಳ್ಳು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. "ತಪ್ಪು ನಂದು ಮೇಡಂ. ಅವಳದ್ದು ಏನೂ ಇಲ್ಲ. ಅವಳಿಗೆ ಶಿಕ್ಷೆ ಕೊಡ್ಬೇಡಿ," ಎಂದೆ. ಮಗಳ ಕಡೆ ನೋಡುವ ಧೈರ್ಯ ಬರಲಿಲ್ಲ.

ಮೇಡಂ ನಿಟ್ಟುಸಿರು ಬಿಟ್ಟರು. "ಮಗುವಿನ ಹೆಸರಲ್ಲಿ ಒಂದು ಉತ್ತರವೂ ಇಲ್ಲ. ನಾನು ಏನಂತ ಬರೀಲಿ ಹೇಳಿ?"

"ಉತ್ತರ ಇಲ್ಲ ಮೇಡಂ, ಷರಾ ಇದೆ," ಎಂದಳು ಜೀರುಂಡೆ. "ನೂರಾ ಹನ್ನೆರಡು."

ಮೇಡಂ ಓದತೊಡಗಿದರು. ನನಗೂ ಕೇಳಲಿ ಎಂದೋ ಏನೋ, ಕೆಲವನ್ನು ಗಟ್ಟಿಯಾಗಿಯೇ ಓದಿದರು. 'ಕಳೆಯುವಾಗ ಪಕ್ಕದ ಮನೆಯಿಂದ ಹತ್ತು ತಂದಿದ್ದಾರೆ, ತಂದದ್ದನ್ನು ಮರೆತಿದ್ದಾರೆ. ಎರಡನೇ ಸಲ.' 'ವಿಸ್ತೀರ್ಣ ಕೇಳಿದರೆ ಸುತ್ತಳತೆ ಬರೆದಿದ್ದಾರೆ. ಸೀಟಿನ ಅಂಚಿಗೆ ಪೈಪಿಂಗ್ ಎಷ್ಟು ಬೇಕು ಅನ್ನುವುದು ಸುತ್ತಳತೆ, ಕವರಿಗೆ ರೆಕ್ಸಿನ್ ಎಷ್ಟು ಬೇಕು ಅನ್ನುವುದು ವಿಸ್ತೀರ್ಣ ಎಂದು ಹೇಳಿದ ಮೇಲೆ ತಪ್ಪಿಲ್ಲ.' 'ವಿದ್ಯಾರ್ಥಿನಿಗೆ ಸಿಟ್ಟು ಜಾಸ್ತಿ. ಇವತ್ತು ಪುಸ್ತಕ ಎಸೆದರು. ಆಮೇಲೆ ಅವರೇ ಹೋಗಿ ಎತ್ತಿಕೊಂಡು ಬಂದರು.'

ಸೀಟು ಕಿರ್ರೋ ಎಂದಿತು. ಮೇಡಂ ನಗುತ್ತಿದ್ದರು. ಆದರೂ ಪೆನ್ನು ತೆಗೆಯಲಿಲ್ಲ. "ಷರಾ ಯಾರು ಬೇಕಾದ್ರೂ ಬರೆದುಕೊಡಬಹುದು. ನನ್ನೆದುರಿಗೆ ಕಲಿಸು ನೋಡೋಣ," ಎಂದು ಜೀರುಂಡೆಯ ಪೆನ್ಸಿಲ್ಲಿನಿಂದ ಒಂದು ಹಾಳೆಯಲ್ಲಿ ಲೆಕ್ಕ ಬರೆದು ನನ್ನ ಮುಂದಿಟ್ಟರು. ಮುಕ್ಕಾಲನ್ನು ಎಂಟನೆಯ ಒಂದು ಭಾಗದಿಂದ ಭಾಗಿಸಬೇಕು. "ಉತ್ತರ ನೀನು ಹೇಳಬಾರದು. ಅಮ್ಮನೇ ಮಾಡಬೇಕು."

ಭಿನ್ನರಾಶಿ! ನಾನು ಶಾಲೆ ಬಿಟ್ಟಿದ್ದೇ ಅದರ ದೆಸೆಯಿಂದ. ನಮ್ಮ ಮೇಷ್ಟರು ಬೋರ್ಡಿನ ಹತ್ತಿರ ನಿಲ್ಲಿಸಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಮೂರಕ್ಕೆ ಉತ್ತರ ಬರದಿದ್ದರೆ ಸೀಮೆಸುಣ್ಣ ಕಸಿದುಕೊಂಡು ಮುಂದಿನವರಿಗೆ ಕೊಡುತ್ತಿದ್ದರು. ಮೂರು ಎನ್ನುವ ಮೊದಲೇ ಮುಗಿಸಬೇಕೆಂದು ಪೆನ್ಸಿಲ್ ಹಿಡಿದೆ. ಮೇಲಿನದ್ದನ್ನು ಮೇಲಿನದ್ದಕ್ಕೆ, ಕೆಳಗಿನದ್ದನ್ನು ಕೆಳಗಿನದ್ದಕ್ಕೆ ಗುಣಿಸಿ, ಮೂವತ್ತೆರಡರಲ್ಲಿ ಮೂರು ಎಂದು ಬರೆದುಬಿಟ್ಟೆ.

ಮೇಡಂ ಮುಖ ನೋಡಿದೊಡನೆ ತಪ್ಪೆಂದು ಗೊತ್ತಾಯಿತು. ಅವರೇ ತಡೆಯಲಾರದೆ, "ನೋಡಿ, ಎರಡನೆಯದನ್ನ ಮೊದಲು..." ಎಂದು ಬಾಯಿ ತೆರೆದರು.

"ಮೇಡಂ, ಶ್!" ಎಂದಳು ನನ್ನ ಮಗಳು. "ಹೇಳ್ಕೊಡ್ಬೇಡಿ. ಅವರಿಗೆ ಬರತ್ತೆ." ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ನಿನ್ನ ಹತ್ರ ಮುಕ್ಕಾಲು ಮೀಟರ್ ರೆಕ್ಸಿನ್ ಇದೆ. ಅರೆಕಾಲು ಮೀಟರಿನ ಪಟ್ಟಿ ಕತ್ತರಿಸ್ತೀಯ. ನೀನು ಬರ್ದಿರೋಷ್ಟೇ ಪಟ್ಟಿ ಬರತ್ತಾ? ನೀನೇ ನೋಡು. ನಿಧಾನ. ನಾನು ಕಾಯ್ತೀನಿ," ಎಂದಳು.

ಅವಳು ನಿಜವಾಗಿಯೂ ಕಾದಳು. ಒಂದು ನಿಮಿಷವೂ ಬಾಯಿ ಮುಚ್ಚಲಾರದ ಹುಡುಗಿ ಮೊಣಕೈ ಊರಿಕೊಂಡು ಸುಮ್ಮನೆ ಕೂತಳು. ನಾನು ಹಾಳೆ ನೋಡಿದೆ. ಮೂವತ್ತೆರಡರಲ್ಲಿ ಮೂರು ಎಂದರೆ ಒಂದು ಪಟ್ಟಿಯೂ ಪೂರ್ತಿ ಇಲ್ಲ. ಯಾವ ಬೆಪ್ಪುತಕ್ಕಡಿ ಕತ್ತರಿಸಿದರೂ ಅಷ್ಟು ಹಾಳಾಗುವುದಿಲ್ಲ. ಒಂದು ಕಾಲಿನಲ್ಲಿ ಎರಡು ಅರೆಕಾಲು. ಮುಕ್ಕಾಲು ಎಂದರೆ ಮೂರು ಕಾಲು.

"ಆರು!" ಎಂದು ಕೂಗಿಕೊಂಡೆ. "ಆರು ಪಟ್ಟಿ! ತಿರುಗಿಸಿ ಗುಣಿಸ್ಬೇಕಿತ್ತು, ನಾನು ತಿರುಗಿಸ್ಲೇ ಇಲ್ಲ!"

"ಸರಿ," ಎಂದಳು ಜೀರುಂಡೆ, ಏನೂ ದೊಡ್ಡದಲ್ಲ ಎಂಬಂತೆ.

ಮೇಡಂ ಪೆನ್ನು ತೆಗೆದರು. ಬರೆಯಲು ಹೊರಟವರು ನಿಲ್ಲಿಸಿ ಅವಳನ್ನು ಕೇಳಿದರು. "ಒಂದು ಮಾತು. ನಿಮ್ಮಮ್ಮ ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟರಲ್ಲ, ಬೇಜಾರಾಗಲಿಲ್ವಾ?"

"ನಂಗೆ ಮೊದಲನೇ ದಿನವೇ ಗೊತ್ತಿತ್ತು ಮೇಡಂ. ಫೋನ್ ಹಿಡ್ಕೊಂಡಿದ್ದೇ ನಾನಲ್ವಾ?"

ನಾನು ಕಕ್ಕಾಬಿಕ್ಕಿಯಾದೆ. "ಮತ್ತೆ ಯಾಕೆ ಹೇಳ್ಲಿಲ್ವೇ, ಕಳ್ಳಿ?"

ಅವಳು ಕೆನ್ನೆ ಕೆರೆದುಕೊಂಡಳು. "ಆಮೇಲೆ ಹೇಳೋಣ ಅಂತಿದ್ದೆ. ಆದ್ರೆ ಆ ಏಳು ಗುಂಡಿ ಲೆಕ್ಕ ಬಂತಲ್ಲ, ಅವತ್ತು ನೀನು ಮಷೀನ್ ನಿಲ್ಲಿಸಿಬಿಟ್ಟು ಮಧ್ಯಾಹ್ನದವರೆಗೂ ನನ್ನ ಜೊತೆ ಕೂತಿದ್ದೆ. ಜ್ವರ ಬಂದಾಗ್ಲೂ ನೀನು ಮಷೀನ್ ನಿಲ್ಸಿರ್ಲಿಲ್ಲ. ನನ್ನ ಹೆಸರಿಗೆ ಬದಲಾಯಿಸಿದ್ರೆ ನೀನು ಎದ್ದು ಹೋಗಿ ಹೊಲಿಯೋಕೆ ಕೂತ್ಕೊಂಡುಬಿಡ್ತಿದ್ದೆ."

ನನಗೆ ಅಳು ಬಂತು. ಸರಕಾರಿ ಅಧಿಕಾರಿಯ ಎದುರಿಗೆ, ಫೋಮಿನ ಪುಡಿಯ ನಡುವೆ ನಿಂತು, ಮೂಗು ಸೊರಸೊರ ಎನ್ನಿಸುತ್ತ ಅತ್ತೆ. ಅದರಲ್ಲಿ ನಾಚಿಕೆಯೇನೂ ಇಲ್ಲ, ಇದ್ದರೆ ಇರಲಿ. ಮೇಡಂ ನನ್ನ ಕಡೆ ನೋಡದೆ, ಒಂದು ವರ್ಷ ಎಂದು ಬರೆದು ಸಹಿ ಹಾಕಿದರು. ಅವಳ ಪಾಠಗಳನ್ನೂ ಅವಳ ಹೆಸರಿನಲ್ಲೇ ಬೇರೆಯಾಗಿ ತೆರೆಯಬೇಕು, ಅದರ ಜೊತೆಗೆ ಇದನ್ನೂ ನಿಲ್ಲಿಸಬಾರದು ಎಂದು ಗದರುವ ದನಿಯಲ್ಲಿ ಹೇಳಿ ಹೊರಟರು.

ಬಾಗಿಲು ಹಾಕಿ ಬಂದು ಅಲ್ಲೇ ಗೋಡೆಗೆ ಒರಗಿ ಇನ್ನೊಂದಷ್ಟು ಅತ್ತೆ. ಒಳಗಿನಿಂದ ಜೀರುಂಡೆಯ ಸ್ವರ ಕೇಳಿಸಿತು. "ಅಮ್ಮಾ, ಅಳೋದು ಮುಗಿದ್ಮೇಲೆ ಬಾ. ಅವಸರ ಇಲ್ಲ. ದಶಮಾಂಶ ತೆಗೆದಿಟ್ಟಿದ್ದೀನಿ."